ಕಂಬ ಅಲ್ಲೇ ಇದೆ, ಸರ್ಕಾರ ಎಲ್ಲಿ?

ಮತದಾನ ಮುಗಿದ ಸಂಜೆ ಆರೂವರೆ ಆಗುವುದನ್ನೇ ಕಾಯುತ್ತಿರುತ್ತವೆ ನಮ್ಮ ನ್ಯೂಸ್ ಚಾನೆಲ್‌ಗಳು. ಅಲ್ಲಿವರೆಗೆ ಎಕ್ಸಿಟ್ ಪೋಲ್ (ಮತ ಹಾಕಿ ಬಂದವರನ್ನ ಕೇಳಿ ಮಾಡುವ ಸಮೀಕ್ಷೆ) ತೋರಿಸುವ ಹಾಗಿಲ್ಲ, ಕಾನೂನು. ಆಮೇಲೆ ಶುರು ನೋಡಿ. ಸ್ಟುಡಿಯೋ ನೆಲದಿಂದ ಬಣ್ಣಬಣ್ಣದ ಕಂಬಗಳು ಏಳುತ್ತವೆ, ಢಂ ಢಂ ಅಂತ ಸಂಗೀತ, ಅದರ ನಡುವೆ ಓಡಾಡುತ್ತಾ ಆಂಕರ್ ಕೂಗುತ್ತಾರೆ. 38 ಪರ್ಸೆಂಟಿನ ಕಂಬ 36ರ ಕಂಬಕ್ಕಿಂತ ಎರಡು ಪಟ್ಟು ಎತ್ತರ! ಹೇಗೆ ಅಂತೀರಾ? ಕಂಬದ ಬುಡ ಸೊನ್ನೆಯಲ್ಲಿಲ್ಲ, 34ರಲ್ಲಿದೆ. ಸೊನ್ನೆಯಿಂದ ಶುರು ಮಾಡಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಎತ್ತರ ಕಾಣುತ್ತಿದ್ದವು, ಅದನ್ನಿಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಚರ್ಚೆ ಎಳೆಯೋಕಾಗುತ್ತಾ?

ತೆರೆಯ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಹಾದುಹೋಗುತ್ತದೆ. ಪ್ಲಸ್ ಆರ್ ಮೈನಸ್ 3 ಪರ್ಸೆಂಟ್. ಅಂದರೆ ಆ 38 ನಿಜವಾಗಿ 35 ಇರಬಹುದು, 36 ಅಂದದ್ದು 39 ಇರಬಹುದು. ಇಡೀ ಕಾರ್ಯಕ್ರಮದಲ್ಲಿ ನಿಜ ಹೇಳಿದ್ದು ಅದೊಂದೇ ಸಾಲು. ಓದಿ ಮುಗಿಸುವಷ್ಟರಲ್ಲಿ ಚಿನ್ನದ ಸಾಲದ ಜಾಹೀರಾತು ಅದರ ಮೇಲೆ ಹತ್ತಿ ಕೂರುತ್ತದೆ.

ಅದಿರಲಿ, ಎತ್ತರದ ಕಂಬವೇ ಗೆಲ್ಲಬೇಕು ಅಂತ ಎಲ್ಲಿದೆ? 2018ರಲ್ಲಿ ನಮ್ಮ ಕರ್ನಾಟಕದ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಬಿದ್ದದ್ದು ಸುಮಾರು 38 ಪರ್ಸೆಂಟ್ ಮತ, ಬಿಜೆಪಿಗೆ 36. ಎಣಿಕೆ ದಿನದ ಸೀಟು ನೋಡಿದರೆ ಕಾಂಗ್ರೆಸ್‌ಗೆ 78, ಬಿಜೆಪಿಗೆ 104. 2023ರಲ್ಲಿ ಬಿಜೆಪಿಗೆ ಮತ್ತೆ ಅದೇ 36 ಪರ್ಸೆಂಟ್, ಸೀಟು ಮಾತ್ರ 66. ಜೆಡಿಎಸ್ ಮತ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 43ರ ಹತ್ತಿರ ಹೋಯಿತು, ಲೆಕ್ಕವೇ ತಿರುಗಿತು. ಬಿಜೆಪಿಯ ಮತದ ಕಂಬವನ್ನಷ್ಟೇ ನೋಡುತ್ತಾ ಕೂತವರ ಪಾಲಿಗೆ ಏನೂ ಆಗಿರಲಿಲ್ಲ. ಸರ್ಕಾರ ಹೋಗಿತ್ತು ಅಷ್ಟೇ.

ಈ ತಲೆನೋವೇ ಬೇಡ ಅಂತ ರೇಂಜ್ ಕೊಡೋದು. ಒಂದು ಪಕ್ಷಕ್ಕೆ '95ರಿಂದ 120' ಅಂದುಬಿಟ್ಟರೆ ಮುಗೀತು. ಬಹುಮತದ 113 ಅದರೊಳಗೇ ಇದೆ, ಗೆದ್ದರೂ ನಾವೇ ಹೇಳಿದ್ದು, ಸೋತರೂ ನಾವೇ ಹೇಳಿದ್ದು. ಮದುವೆಗೆ ಎಷ್ಟು ಜನ ಅಂತ ಅಡುಗೆಭಟ್ಟರು ಕೇಳಿದಾಗ '300ರಿಂದ 1,200' ಅಂತ ಹೇಳಿ ನೋಡಿ, ಸೌಟು ಎತ್ತಿಕೊಂಡೇ ಬರುತ್ತಾರೆ. ಇಷ್ಟೆಲ್ಲ ಅನುಕೂಲ ಇಟ್ಟುಕೊಂಡೂ 2023ರ ಮೇ 10ರ ಸಂಜೆ ಹಲವು ಸಮೀಕ್ಷೆಗಳು ಅತಂತ್ರ ವಿಧಾನಸಭೆ ಅಂದವು. ಮೇ 13ರ ಎಣಿಕೆಯಲ್ಲಿ ಕಾಂಗ್ರೆಸ್‌ಗೆ 135.

'30 ಸಾವಿರ ಜನರನ್ನ ಮಾತಾಡಿಸಿದ್ದೀವಿ ಸಾರ್' ಅಂತ ಯಾರಾದರೂ ಅಂದರೆ ಸುಮ್ನೆ 224ರಿಂದ ಭಾಗಿಸಿ. ಕ್ಷೇತ್ರಕ್ಕೆ 134 ಜನ. ಅಲ್ಲಿ ಮತದಾರರು ಸರಾಸರಿ ಎರಡು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಬೂತ್ ಹೊರಗೆ ನಿಂತ ಗುರುತಿಲ್ಲದವನಿಗೆ ಯಾರಿಗೆ ಒತ್ತಿದೆ ಅಂತ ನಿಜ ಹೇಳುವವರು ಎಷ್ಟೋ. ಆದರೂ ಕ್ಷೇತ್ರವಾರು ಮ್ಯಾಪ್‌ಗೆ ಬಣ್ಣ ಬಳಿಯೋದು ಬಿಡಲ್ಲ.

ದೆಹಲಿಯ ಕಂಬಗಳು ಇನ್ನೂ ದೊಡ್ಡವು. 2024ರ ಲೋಕಸಭೆ ಚುನಾವಣೆ ಮುಗಿದ ಜೂನ್ 1ರ ಸಂಜೆ ಹೆಚ್ಚಿನ ಸಮೀಕ್ಷೆಗಳು ಬಿಜೆಪಿ ಮೈತ್ರಿಕೂಟ ಎನ್‌ಡಿಎಗೆ 350ರ ಮೇಲೆ ಸೀಟು ಕೊಟ್ಟವು, ಕೆಲವು 400ಕ್ಕೂ ಏಣಿ ಹಾಕಿದವು. ಅದನ್ನು ನಂಬಿ ಜೂನ್ 3ಕ್ಕೆ ಷೇರುಪೇಟೆಯ ಸೆನ್ಸೆಕ್ಸ್ 2,500 ಅಂಶ ಜಿಗಿಯಿತು. ಮರುದಿನ ಎಣಿಕೆಯಲ್ಲಿ ಬಂದದ್ದು 293, ಸೆನ್ಸೆಕ್ಸ್ 4,000ಕ್ಕೂ ಹೆಚ್ಚು ಬಿತ್ತು. ಸಮೀಕ್ಷೆ ಮಾಡಿದವರೊಬ್ಬರು ನೇರ ಪ್ರಸಾರದಲ್ಲೇ ಅತ್ತುಬಿಟ್ಟರು, ಪಾಪ. ಆಂಕರ್‌ಗಳಿಗೆ ಅಳೋಕೆ ಎಲ್ಲಿ ಪುರುಸೊತ್ತು? 'ಸಮೀಕ್ಷೆಗಳು ಎಡವಿದ್ದೆಲ್ಲಿ' ಅನ್ನೋ ಚರ್ಚೆಗೆ ಗ್ರಾಫ್ ರೆಡಿ ಮಾಡಬೇಕಿತ್ತಲ್ಲ.