ದತ್ತು ಹೋದ ರಸ್ತೆ

ನಗರದ ನಡುಭಾಗಕ್ಕೆ ಮರುಜೀವ ಕೊಡಲು ಮೊದಲು ಬೇಕಾದದ್ದು ಒಂದು ಲಾಭರಹಿತ ಸಂಸ್ಥೆ, ಆಮೇಲೆ ಮುಂದೆ ಆಗಲಿರುವ ರಸ್ತೆಯ ಒಂದು ಬಣ್ಣದ ಚಿತ್ರ. ಚಿತ್ರದಲ್ಲಿ ಸೈಕಲ್ ಸವಾರ, ಬಲೂನು ಹಿಡಿದ ಮಗು ಕಡ್ಡಾಯ. ಕಸದ ಆಟೊ ಇರಕೂಡದು.

ಬೆಂಗಳೂರಿನಲ್ಲಿ ರಸ್ತೆ ಕಟ್ಟುವ ‘ಟೆಂಡರ್ ಶ್ಯೂರ್’ ಎಂಬ ಮಾರ್ಗಸೂಚಿ ಬರೆದ ಜನ ಅರ್ಬನ್ ಸ್ಪೇಸ್ ಕೂಡ ಇಂಥ ಸಂಸ್ಥೆಯೇ. ಸೂತ್ರವೇನೋ ಚೆನ್ನಾಗಿಯೇ ಇದೆ. ಕೇಬಲ್ಲು, ವಿದ್ಯುತ್ತು, ನೀರಿಗೆಲ್ಲ ಫುಟ್‌ಪಾತಿನಡಿ ಬೇರೆ ಬೇರೆ ದಾರಿ, ಅಲ್ಲಲ್ಲಿ ಚೇಂಬರು. ಮುಚ್ಚಳ ಎತ್ತಿ ಕೇಬಲ್ ಎಳೆದರಾಯಿತು, ರಸ್ತೆ ಅಗೆಯಬೇಕಿಲ್ಲ. ಅಗೆತವೇ ನಿಂತರೆ ಈ ಊರಲ್ಲಿ ಎಷ್ಟು ಮನೆಯ ಒಲೆ ಆರುತ್ತದೆಂದು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ. ಅದೂ ಅಲ್ಲದೆ, ಕೊಳವೆಯೊಳಗೆ ಕೇಬಲ್ ತೂರಿಸಲು ಅನುಮತಿ, ನಕ್ಷೆ, ಶುಲ್ಕ ಬೇಕು. ಮರಕ್ಕೆ ಕಟ್ಟಲು ಏಣಿ ಸಾಕು.

2018ರಲ್ಲಿ ಹೊಸ ರೂಪದಲ್ಲಿ ತೆರೆದ ನಗರದ ನಡುವಿನ ಚರ್ಚ್ ಸ್ಟ್ರೀಟಿಗೆ ಡಾಂಬರಿನ ಬದಲು ಗ್ರಾನೈಟ್ ಕಲ್ಲು ಹಾಸಿದರು. ಕಲ್ಲುಹಾಸಿನ ಬಲ ಕಲ್ಲಿನಲ್ಲಿಲ್ಲ. ಕೆಳಗಿನ ಹಾಸಿನಲ್ಲಿದೆ, ಸಂದಿಯಲ್ಲಿದೆ. ಚರಂಡಿ ಕಟ್ಟಿಕೊಂಡು ನೀರು ನಿಂತರೆ ಸಂದಿ ತೊಳೆದುಹೋಗುತ್ತದೆ, ಪಕ್ಕದ ಕಲ್ಲಿನ ಆಸರೆ ತಪ್ಪುತ್ತದೆ. ಬ್ರೇಕ್ ಹಾಕಿ ತಿರುಗುವ ಗಾಡಿಯಡಿ ಮೊದಲು ಒಂದು ಕಲ್ಲು ಅಲುಗುತ್ತದೆ, ಆಮೇಲೆ ಸುತ್ತಲ ಆರು. ಕಲ್ಲು ಕಿತ್ತು, ಹಾಸು ಸಮಮಾಡಿ, ಮತ್ತೆ ಕೂರಿಸಿ, ಸಂದಿ ತುಂಬಿ, ಒಣಗುವ ತನಕ ಗಾಡಿ ತಡೆದರೆ ರಿಪೇರಿ ಮುಗಿಯಿತು. ನಮ್ಮ ಪದ್ಧತಿ ಇದಕ್ಕಿಂತ ಸಲೀಸು: ಒಂದು ಬಾಂಡ್ಲಿ ಡಾಂಬರು.

ರಸ್ತೆಬದಿಯ ಬೆಂಚಿಗೆ ದಾನಿಗಳು ಸಾಲುಗಟ್ಟುತ್ತಾರೆ. ಚರಂಡಿಯ ಹೂಳೆತ್ತಲು ಯಾರೂ ಇಲ್ಲ, ಹೂಳಿನ ಮೇಲೆ ಹೆಸರು ಕೆತ್ತಿಸಲಾಗುವುದಿಲ್ಲವಲ್ಲ! (ಕಸದ ಮೂಲೆಗಳನ್ನು ಚೊಕ್ಕ ಮಾಡುವ ಸ್ವಯಂಸೇವಕರು ಗೋಡೆಯ ಕೆಳಭಾಗಕ್ಕೆ ಕೆಂಪು ಬಳಿಯುತ್ತಾರೆ, ಎಲೆಅಡಿಕೆ ಉಗುಳು ಕಾಣದಿರಲೆಂದು. ಇಡೀ ಉದ್ಧಾರದಲ್ಲಿ ಊರನ್ನು ಅರಿತು ಮಾಡಿದ ಕೆಲಸ ಇದೊಂದೇ.)

ಗುತ್ತಿಗೆದಾರನ ಹೊಣೆಯ ಅವಧಿ ಮುಗಿದ ಮೇಲೆ ರಸ್ತೆ ಅನಾಥ. ಅದಕ್ಕೇ ಪಾಲಿಕೆ ‘ರಸ್ತೆ ದತ್ತು’ ಕಂಡುಹಿಡಿಯಿತು. ಚರ್ಚ್ ಸ್ಟ್ರೀಟನ್ನು ಅನ್‌ಬಾಕ್ಸಿಂಗ್ ಬಿಎಲ್‌ಆರ್ ಪ್ರತಿಷ್ಠಾನವೆಂಬ ಲಾಭರಹಿತ ಸಂಸ್ಥೆಯ ಮಡಿಲಿಗೆ ಹಾಕಿತು. ಹೆತ್ತವರು ಗಟ್ಟಿಮುಟ್ಟಾಗಿದ್ದು, ಆಸ್ತಿ ತೆರಿಗೆಯನ್ನೂ ತಪ್ಪದೆ ವಸೂಲು ಮಾಡುತ್ತ, ಮಗುವನ್ನು ಮಾತ್ರ ದತ್ತು ಕೊಟ್ಟ ಕಥೆ ಪುರಾಣದಲ್ಲೂ ಸಿಗಲಿಕ್ಕಿಲ್ಲ. ದತ್ತು ಪಡೆದವರು ಕಲ್ಲು ಕೂರಿಸಬೇಕು, ಗೋಡೆ ಒರೆಸಬೇಕು, ಗಿಡಕ್ಕೆ ನೀರೆರೆಯಬೇಕು. ರಸ್ತೆ ಅಗೆಯಲು ಪರವಾನಗಿ ಕೊಡುವ ಮೊಹರು ಮಾತ್ರ ಹೆತ್ತವರ ಮೇಜಿನ ಮೇಲೆಯೇ ಇದೆ.