ಅಡಿಕೆ ಮಾರಿ ಜೀನ್ ಟೆಸ್ಟ್ ಮಾಡಿಸುವ ಮುನ್ನ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಈಗ ನೋಡಲು ಬಂದ ನೆಂಟರು ಕೇಳುವ ಹೊಸ ಪ್ರಶ್ನೆ: "ಜೀನ್ ಟೆಸ್ಟ್ ಮಾಡಿಸಿದ್ರಾ?" ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಾ ಕಡೆಯೂ ಇದೇ. ಕೇಳಿದವರು ಕಾಫಿ ಕುಡಿದು ಹೊರಡುತ್ತಾರೆ. ಮನೆಯವರು ಅಡಿಕೆ ಮಂಡಿಗೆ ಫೋನ್ ಮಾಡಿ ಮುಂಗಡ ಕೇಳುತ್ತಾರೆ.

ಕ್ಯಾನ್ಸರ್ ಕೋಶಗಳ ಜೀನ್‌ನಲ್ಲಿ ಏನು ಕೆಟ್ಟಿದೆ ಅಂತ ನೋಡಿ ಔಷಧಿ ಆರಿಸುವ ಟೆಸ್ಟ್ ಇದು. ನಾನು ಇದರ ವಿರೋಧಿ ಅಲ್ಲ. ಕೆಲವು ಕ್ಯಾನ್ಸರ್‌ಗಳಿಗೆ ಇದನ್ನು ಮಾಡಿಸದೆ ಔಷಧಿ ಶುರು ಮಾಡುವುದೇ ತಪ್ಪು. ಇನ್ನು ಕೆಲವಕ್ಕೆ ಎಷ್ಟು ದುಡ್ಡು ಸುರಿದರೂ ಚಿಕಿತ್ಸೆ ಬದಲಾಗುವುದು ಅಪರೂಪ. ಯಾವುದು ಯಾವ ಗುಂಪಿನದು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ ಅನ್ನೋದೇ ನನ್ನ ತಕರಾರು.

ನಮ್ಮ ಚಿಕ್ಕಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಗಡ್ಡೆಯ ಚೂರನ್ನು ಪರೀಕ್ಷೆ ಮಾಡಿದಾಗ ಇಜಿಎಫ್‌ಆರ್ ಅನ್ನೋ ಜೀನ್ ಕೆಟ್ಟಿರುವುದು ಗೊತ್ತಾಯಿತು. ಸೇದುವ ಅಭ್ಯಾಸ ಇಲ್ಲದ ಏಷ್ಯಾದ ಹೆಂಗಸರಲ್ಲಿ ಇದು ಜಾಸ್ತಿ. ದಿನಕ್ಕೊಂದು ಜೆಫಿಟಿನಿಬ್ ಮಾತ್ರೆ ಕೊಟ್ಟರು. ಕೂದಲು ಉದುರಲಿಲ್ಲ. ಮುಖದ ತುಂಬಾ ಮೊಡವೆಯಂಥ ಗುಳ್ಳೆ ಎದ್ದವು, ಆಗಾಗ ಭೇದಿ. ಆದರೆ ಕೆಮ್ಮು ಇಳಿಯಿತು, ಅಡುಗೆಮನೆಗೆ ವಾಪಸ್ ಬಂದರು. ಇದು ಪೂರ್ತಿ ಗುಣ ಅಲ್ಲ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರ್ ಈ ಮಾತ್ರೆಗೆ ಬಗ್ಗದಂತಾಗುತ್ತದೆ. ಆಗ ಅನೇಕರಿಗೆ ಕೆಲಸ ಮಾಡುವುದು ಆಸಿಮರ್ಟಿನಿಬ್. ಎಷ್ಟೋ ಕಡೆ ಈಗ ಮೊದಲಿನಿಂದಲೇ ಅದನ್ನು ಕೊಡುತ್ತಾರೆ. ದುಬಾರಿ ಮಾತ್ರೆ. 2024ರ ಕೇಂದ್ರ ಬಜೆಟ್ಟಿನಲ್ಲಿ ಆಮದು ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಅದೂ ಒಂದು.

ಚಿಕ್ಕಮ್ಮನ ರಿಪೋರ್ಟ್ ಬಂದ ಮೇಲೆ ಇನ್ನೊಂದು ರಗಳೆ ಶುರುವಾಯಿತು. "ಜೀನ್‌ನಲ್ಲಿ ಇದೆ ಅಂದ್ರೆ ಮಗಳಿಗೂ ಬರುತ್ತೆ ಅಲ್ವಾ?" ಅಂತ ಒಬ್ಬರು, ಮಗಳ ಮದುವೆಗೆ ಜಾತಕ ನೋಡುತ್ತಿದ್ದ ಹೊತ್ತಲ್ಲೇ ಕೇಳಿದರು. ಸಾಗರದ ಕಡೆಯವರಿಗೆ ಜೀನ್ ಅಂದರೆ ಮೂಳೆ-ಕೀಲು ಹಾಳುಮಾಡುವ ಹಂದಿಗೋಡು ಕಾಯಿಲೆ ನೆನಪಾಗುವುದು ಸಹಜ. ಅದು ನಿಜಕ್ಕೂ ವಂಶದಲ್ಲಿ ಹರಿದು ಬರುವಂಥದ್ದು. ಆದರೆ ಗಡ್ಡೆಯ ಜೀನ್ ಬೇರೆ, ಹುಟ್ಟಿನಿಂದ ಬಂದ ಜೀನ್ ಬೇರೆ. ಚಿಕ್ಕಮ್ಮನಿಗೆ ಆದದ್ದು ಆ ಗಡ್ಡೆಯೊಳಗೆ ಮಾತ್ರ ಆದ ಬದಲಾವಣೆ, ಮಕ್ಕಳಿಗೆ ದಾಟುವುದಿಲ್ಲ. ಎಲ್ಲಾ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ಸುಮಾರು ನೂರಕ್ಕೆ 5ರಿಂದ 10 ಅಷ್ಟೇ. ಬಿಆರ್‌ಸಿಎ ಜೀನ್ ಕೆಟ್ಟಿದ್ದರೆ ಬರುವ ಸ್ತನ, ಅಂಡಾಶಯದ ಕ್ಯಾನ್ಸರ್ ಅಂಥವು. ಅದನ್ನು ತಿಳಿಯಲು ರಕ್ತದ್ದೋ ಎಂಜಲಿನದ್ದೋ ಬೇರೆ ಟೆಸ್ಟ್ ಇದೆ. ಇದನ್ನು ಬಿಡಿಸಿ ಹೇಳದೆ ರಿಪೋರ್ಟ್ ಕೈಗಿಡುವವರಿಗೆ ಒಂದು ಹೆಣ್ಣುಮಗಳ ಸಂಬಂಧ ತಪ್ಪಿಹೋಗಬಹುದು ಅನ್ನೋ ಅಂದಾಜೂ ಇರುವುದಿಲ್ಲ.

ಸ್ತನ ಕ್ಯಾನ್ಸರ್‌ಗೆ ಹರ್2 ಅನ್ನೋ ಜೀನ್ ನೋಡಲೇಬೇಕು. ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್‌ಗೆ ಬಿಸಿಆರ್-ಏಬಿಎಲ್ ಅನ್ನೋ ಕೂಡಿಕೊಂಡ ಜೀನ್ ನೋಡಲೇಬೇಕು. ಆ ಕಾಯಿಲೆಗೆ 2001ರಲ್ಲಿ ಇಮ್ಯಾಟಿನಿಬ್ ಅನ್ನೋ ಮಾತ್ರೆ ಬಂತು. ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷದ ಮೇಲೆ ಆಗುತ್ತಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಪೇಟೆಂಟ್ ಕೊಡಲು ಒಪ್ಪಲಿಲ್ಲ, ಹಾಗಾಗಿ ಕೆಲವೇ ಸಾವಿರದ ಭಾರತೀಯ ಮಾತ್ರೆಗಳು ಉಳಿದುಕೊಂಡವು. ಲ್ಯಾಬ್‌ನ ಸಂಶೋಧನೆಯಷ್ಟೇ ಆ ತೀರ್ಪೂ ಜೀವ ಉಳಿಸಿದೆ ಅಂತ ನಾನು ನಂಬಿದ್ದೇನೆ.

ಈಗ ಬಾಯಿ ಕ್ಯಾನ್ಸರ್‌ಗೆ ಬರೋಣ. ಅಡಿಕೆ ಬೆಳೆಗಾರನ ಮಗನಾಗಿ ಇದನ್ನು ಬರೆಯುತ್ತಿದ್ದೇನೆ, ಬೈಯುವವರು ಬೈಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ಮೊದಲ ಗುಂಪಿಗೆ ಸೇರಿಸಿತು. ಆ ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ ಮಾತ್ರ, ಎಷ್ಟು ಕವಳಕ್ಕೆ (ಎಲೆ-ಅಡಿಕೆಗೆ) ಎಷ್ಟು ಅಪಾಯ ಅಂತಲ್ಲ. ನಮ್ಮ ಕಡೆ ಅಡಿಕೆಯ ಪರ ಇರುವವರು, ವಿರೋಧ ಇರುವವರು ಇಬ್ಬರೂ ಇದನ್ನು ಬೇಕಾದ ಹಾಗೆ ತಿರುಚುತ್ತಾರೆ.

ಆಗುಂಬೆ ಘಾಟಿ ಇಳಿಯುವ ಮಿನಿ ಬಸ್ ನೆನಪಿಸಿಕೊಳ್ಳಿ, ಕೋಶಗಳು ಬೆಳೆಯುವ ವೇಗವೇ ಬಸ್ಸಿನ ವೇಗ ಅಂದುಕೊಳ್ಳಿ. ಚಿಕ್ಕಮ್ಮನ ಇಜಿಎಫ್‌ಆರ್ ಅಂದರೆ ಸಿಕ್ಕಿಹಾಕಿಕೊಂಡ ಆಕ್ಸಿಲರೇಟರ್, ಅದನ್ನು ತಡೆಯುವ ಮಾತ್ರೆ ಮಾಡಬಹುದು. ಬಾಯಿ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಟಿಪಿ53ರಂಥ ಬ್ರೇಕ್ ಜೀನ್‌ಗಳು. ಇಲ್ಲದ ಬ್ರೇಕನ್ನು ಮಾತ್ರೆಯಿಂದ ಕೂರಿಸುವುದು ಬಹಳ ಕಷ್ಟ. ಭಾರತದ ವಿಜ್ಞಾನಿಗಳ ತಂಡ ಕೆನ್ನೆ ಮತ್ತು ಒಸಡಿನ ಗಡ್ಡೆಗಳ ಜೀನ್ ಓದಿ 2013ರಲ್ಲೇ ಪ್ರಕಟಿಸಿದೆ. ಟಿಪಿ53, ಕ್ಯಾಸ್ಪೇಸ್8 ಜೊತೆಗೆ ಯುಎಸ್‌ಪಿ9ಎಕ್ಸ್‌ನಂಥ ಹೊಸ ಹೆಸರುಗಳೂ ಅದರಲ್ಲಿ ಸಿಕ್ಕವು. ಒಳ್ಳೆಯ ಕೆಲಸ, ಮುಂದುವರಿಯಲೇಬೇಕು. ಆದರೆ ಆ ಪಟ್ಟಿಯನ್ನು ನೋಡಿ ಮಾತ್ರೆ ಬರೆದುಕೊಡುವ ಕಾಲ ಇನ್ನೂ ಬಂದಿಲ್ಲ. ನನ್ನ ಪರಿಚಯದವರೊಬ್ಬರು ಬಾಯಿ ಕ್ಯಾನ್ಸರ್‌ಗೆ ದೊಡ್ಡ ಜೀನ್ ಟೆಸ್ಟ್ ಮಾಡಿಸಿದರು. ಪುಸ್ತಕದಷ್ಟು ದಪ್ಪದ ರಿಪೋರ್ಟ್ ಬಂತು. ಅದರಲ್ಲಿದ್ದ ಔಷಧಿಗಳೆಲ್ಲ ಹೊರದೇಶದಲ್ಲಿ ಪ್ರಯೋಗದ ಹಂತದವು. ಕೊನೆಗೆ ಆದದ್ದು ಮೊದಲೇ ಹೇಳಿದ್ದ ಆಪರೇಷನ್, ರೇಡಿಯೇಷನ್.

ನನಗೆ ಹೆಚ್ಚು ಖುಷಿ ಕೊಟ್ಟ ಸಂಶೋಧನೆ ಬೇರೆಯೇ. ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು, ಮುಂದುವರಿದ ತಲೆ-ಕತ್ತಿನ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ ಅನ್ನೋ ಇಂಜೆಕ್ಷನ್ನನ್ನು ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಜೊತೆಗೆ ಅಗ್ಗದ ಮಾತ್ರೆಗಳು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16, ಇಂಜೆಕ್ಷನ್ ಸೇರಿಸಿದವರಲ್ಲಿ 43. 2022ರಲ್ಲಿ ಇದು ಪ್ರಕಟವಾಯಿತು. ನಮ್ಮ ಜೇಬು ನೋಡಿ ಮಾಡಿದ ಕೆಲಸ ಅಂದರೆ ಇದು.

ಹಾಗಾಗಿ ಡಾಕ್ಟರ ಹತ್ತಿರ ಸಂಕೋಚ ಇಲ್ಲದೆ ಕೇಳಿ: "ಸರ್, ಈ ರಿಪೋರ್ಟ್ ಬಂದರೆ ಕೊಡುವ ಔಷಧಿ ಬದಲಾಗುತ್ತಾ? ಆ ಔಷಧಿ ಇಲ್ಲಿ ಸಿಗುತ್ತಾ, ತಿಂಗಳಿಗೆ ಎಷ್ಟಾಗುತ್ತೆ?" ಹೌದು ಅಂದರೆ ತಡಮಾಡದೆ ಮಾಡಿಸಿ. ಶಿವಮೊಗ್ಗದಲ್ಲಿ ಬಯಾಪ್ಸಿ ಆಗಿ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವುದಿದ್ದರೆ ರಿಪೋರ್ಟ್ ಹಾಳೆಯೊಂದೇ ಸಾಲದು. ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಅಂತ ಇರುತ್ತದೆ, ಗಡ್ಡೆಯ ಜೀನ್ ಟೆಸ್ಟ್ ಹೆಚ್ಚಾಗಿ ಮಾಡುವುದು ಅದರಿಂದಲೇ. ಅದನ್ನೂ ಸ್ಲೈಡುಗಳನ್ನೂ ಲ್ಯಾಬ್‌ನಲ್ಲಿ ಕೇಳಿ ಇಸ್ಕೊಳ್ಳಿ, ಇಲ್ಲದಿದ್ದರೆ ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಬಹುದು. ಮನೆಗೆ ತಂದ ಮೇಲೆ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ ಮಾರಾಯ್ರೆ, ಮೇಣ ಕರಗುತ್ತದೆ.