ಕ್ಯಾಲೆಂಡರಿನ ಮೇಲೆ ಒಂದು ಕೆಂಪು ಗೋಲ

ನಮ್ಮ ಶಾಲೆಯ ಆಫೀಸ್ ರೂಮಿನ ಕ್ಯಾಲೆಂಡರಿನಲ್ಲಿ ಏಪ್ರಿಲ್ 10ರ ಸುತ್ತ ಕೆಂಪು ಪೆನ್ನಿನ ಗೋಲ ಒಂದಿದೆ. ಬೇರೆ ದಿನವಾಗಿದ್ದರೆ ಗೀಚಿದವರು ಯಾರು ಅಂತ ಮಕ್ಕಳನ್ನು ಗದರಿಸುತ್ತಿದ್ದೆ. ಈ ಸಲ ಗದರಿಸಲಿಲ್ಲ. ಗೀಚಿದವಳು ನಾನೇ.

ಹತ್ತಕ್ಕೆ ಫಲಿತಾಂಶ. ಹನ್ನೊಂದರಿಂದ ಬೇಸಿಗೆ ರಜೆ. ಮತ್ತೆ ಬಾಗಿಲು ತೆಗೆಯುವುದು ಮೇ 29ಕ್ಕೆ. ಕಾಗದದ ಮೇಲೆ 48 ದಿನ.

ಮೊನ್ನೆ ಯಾದಗಿರಿಯಿಂದ ಟಂಟಂ ಆಟೋದಲ್ಲಿ ಶಾಲೆಗೆ ಹೋಗುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಳಿದರು: "ನಿಮ್ದೇನ್ ಬಿಡ್ರಿ ಟೀಚರ್, ಇನ್ನ ಎರಡು ತಿಂಗಳು ಆರಾಮ. ಪಗಾರಂತೂ ಕುಂತಲ್ಲೇ ಬರ್ತದ." ನಾನು ನಕ್ಕು ಸುಮ್ಮನಾದೆ. ತೊಡೆಯ ಮೇಲೆ ಮಕ್ಕಳ ಬಿಸಿಯೂಟದ ಎರಡು ಟ್ರೇ ಮೊಟ್ಟೆ ಇದ್ದವು. ಒಂದೊಂದರಲ್ಲಿ 30. ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆ. ಅಂಥ ಹೊತ್ತಿನಲ್ಲಿ ವಾದ ಮಾಡಲು ಆಗುತ್ತಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಕಾ, ಆ ರಜೆ ಪುಕ್ಕಟೆ ಸಿಕ್ಕಿದ್ದಲ್ಲ. ಬೇರೆ ಇಲಾಖೆಯ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ನಮಗೆ 10. ಯಾಕೆ ಅಂದರೆ ನಮಗೆ ದಸರೆ, ಬೇಸಿಗೆ ರಜೆ ಇದೆಯಲ್ಲ, ಅದಕ್ಕೆ. ಅಂದರೆ ನಮ್ಮ 20 ದಿನ ಮೊದಲೇ ಕತ್ತರಿಸಿಕೊಂಡು ಆಮೇಲೆ ಈ ರಜೆ ಕೊಡುತ್ತಾರೆ. ನಾಲ್ಕನೇ ಶನಿವಾರ ಕಚೇರಿಗಳಿಗೆ ಬೀಗ, ನಮಗೆ ಶಾಲೆ. ಸಾಂದರ್ಭಿಕ ರಜೆ ಮಾತ್ರ ನಮಗೆ 15, ಅವರಿಗೆ 10. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮವರೇ ಯಾರಾದರೂ ಹಿಡಿಯುತ್ತಾರೆ.

ರೊಕ್ಕ ಕೊಟ್ಟು ಕೊಂಡ ಎಮ್ಮೆ ಇದ್ದ ಹಾಗೆ ಈ ರಜೆ. ಹಾಲು ಹಿಂಡಿಕೊಳ್ಳುವವರು ಮಾತ್ರ ಬೇರೆ.

ಲೆಕ್ಕ ಕೊಡುತ್ತೇನೆ ಕೇಳಿ. 2023ರ ಬೇಸಿಗೆ ವಿಧಾನಸಭೆ ಚುನಾವಣೆಗೆ ಹೋಯಿತು. ಮತದಾನ ಮೇ 10ಕ್ಕೆ. ಅದಕ್ಕೂ ಮುಂಚೆ ತರಬೇತಿ, ಮತ್ತೊಂದು ತರಬೇತಿ. 2024ರಲ್ಲಿ ಲೋಕಸಭೆ, ನಮ್ಮ ಕಡೆ ಮೇ 7. 2025ರಲ್ಲಿ ಚುನಾವಣೆ ಇಲ್ಲ ಅಂತ ಖುಷಿಯಾಗಿದ್ದೆ. ಮೇ 5ರಿಂದ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಸಮೀಕ್ಷೆ ಬಂತು. ಹೋಗಲಿ, ದಸರೆ ಇದೆಯಲ್ಲ ಅಂದುಕೊಂಡೆ. ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. 60 ಪ್ರಶ್ನೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. 18ರವರೆಗೆ ಶಾಲೆಗಳ ರಜೆಯನ್ನೇ ವಿಸ್ತರಿಸಿದರು. ಮಕ್ಕಳಿಗೆ ರಜೆ ಹೆಚ್ಚಾಯಿತು, ನಮಗೆ ಮನೆಗಳು ಹೆಚ್ಚಾದವು.

ಆ ದಸರೆಯನ್ನು ನಾನು ಮರೆಯುವುದಿಲ್ಲ. ಭೀಮೆ ತುಂಬಿ ಹೊಲಗಳಿಗೆ ನುಗ್ಗಿದ ದಿನಗಳವು. ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಿಡುವುದೇ ಕಷ್ಟ. ಒಂದು ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಆಧಾರ್ ಹಾಕಿದರೆ ಓಟಿಪಿ ಹೋಗುವುದು ಮಗನ ಫೋನಿಗೆ. ಮಗ ಪುಣೆಯಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ನೆಟ್‌ವರ್ಕ್ ಸಿಗುವುದು ಹನುಮಂತ ದೇವರ ಗುಡಿಯ ಕಟ್ಟೆ ಮೇಲೆ ಮಾತ್ರ. ಅಜ್ಜಿಯನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಫೋನ್ ಹಚ್ಚಿದೆ. ಅವನು ಎಲ್ಲೋ ಮೂರನೇ ಮಹಡಿಯಲ್ಲಿದ್ದ. ಕೈ ಒರೆಸಿಕೊಂಡು, ಮೆಸೇಜ್ ಹುಡುಕಿ, ನಂಬರ್ ಓದುವಷ್ಟರಲ್ಲಿ ಟೈಮ್ ಮುಗಿಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಸರಿಯಾಯಿತು. ನಾನು ನಿಟ್ಟುಸಿರು ಬಿಟ್ಟು ಫೋನ್ ಚೀಲಕ್ಕೆ ಹಾಕಬೇಕು, ಅಜ್ಜಿ ಕೈ ಹಿಡಿದಳು. "ಟೀಚರವ್ವ, ಅವನ ದನಿ ಕೇಳಿ ಹದಿನೈದು ದಿನ ಆಗಿತ್ತು. ಇನ್ನೊಂದ್ಸಲ ಹಚ್ಚವ್ವ."

ಹಚ್ಚಿಕೊಟ್ಟೆ. ಆ ದಿನ ನನ್ನ ಟಾರ್ಗೆಟ್ ಆಗಲಿಲ್ಲ. ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಹಿಂದೆ ಬಿದ್ದವರ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರೂ ಇತ್ತು.

ಗೌರವಧನ ಕೊಡುತ್ತಾರಲ್ಲ ಅಂತ ಕೇಳುವವರಿದ್ದಾರೆ. ಹೌದು. ನಾನು ಕೇಳುತ್ತಿರುವುದು ಹಣ ಅಲ್ಲ. ರಜೆಯಲ್ಲಿ ದುಡಿದರೆ ಅದಕ್ಕೆ ಬದಲಾಗಿ ಗಳಿಕೆ ರಜೆಯನ್ನು ಸೇವಾ ಪುಸ್ತಕಕ್ಕೆ ಸೇರಿಸಬೇಕು ಅಂತ ನಿಯಮವೇ ಇದೆ. ಅದನ್ನು ಬರೆಸಲು ಎಷ್ಟು ಸಲ ಅಲೆದಿದ್ದೇನೆ ಅಂತ ಬರೆದರೆ ಅದೇ ಇನ್ನೊಂದು ಪೋಸ್ಟ್ ಆಗುತ್ತದೆ, ಬೇಡ.

ಈ ವರ್ಷ ಜನಗಣತಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಪ್ರತಿ ರಾಜ್ಯವೂ 30 ದಿನ ಮನೆಪಟ್ಟಿ, ಅಂದರೆ ಮನೆ ಮನೆಗೆ ಹೋಗಿ ಮನೆಗಳ ವಿವರ ಬರೆದುಕೊಳ್ಳುವ ಕೆಲಸ, ಮಾಡಬೇಕು. ನನ್ನ ಹೆಸರು ಪಟ್ಟಿಯಲ್ಲಿ ಇದೆ ಅಂತ ಸುದ್ದಿ. ಆರ್ಡರ್ ಇನ್ನೂ ಕೈಗೆ ಬಂದಿಲ್ಲ. ಜನಗಣತಿ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. 2011ರ ಮೇಲೆ ಆಗೇ ಇಲ್ಲ, ಆಗಲೇಬೇಕು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್‌ನಲ್ಲೂ ಶಿಕ್ಷಕರನ್ನು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಹಚ್ಚಬಹುದು ಅಂತಿದೆ. ಉಳಿದ ಸಮೀಕ್ಷೆಗಳು ಆ ಸಾಲಿನಲ್ಲಿ ಎಲ್ಲಿವೆ, ಯಾರಾದರೂ ತೋರಿಸಿ. ಡಿ.ಎಡ್, ಬಿ.ಎಡ್ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ಮೊಬೈಲ್ ನಮಗಿಂತ ಚೆನ್ನಾಗಿ ಬಳಸುತ್ತಾರೆ. ಆ ಗೌರವಧನ ಅವರಿಗೆ ಕೊಡಬಾರದಾ?

ಬಿಸಿಲಿನ ವಿಷಯವಂತೂ ಕೇಳಲೇಬೇಡಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ, ಜನ ತಡೆಯಲಾರರು ಅಂತ. ಮನೆ ಮನೆ ತಿರುಗುವವರಿಗೆ ಆ ಟೈಮ್ ಉಪಯೋಗಕ್ಕೆ ಬರಲ್ಲ. ಕೂಲಿಗೆ ಹೋದವರು ಮನೆಗೆ ಬರುವುದೇ ಮಧ್ಯಾಹ್ನ. ಅಂದರೆ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ನಾವು ಹೊರಡಬೇಕು.

ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. 2024ರಲ್ಲಿ ಬರಗಾಲ ಅಂತ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯಿತು. ಆ ವರ್ಷ ಬೈದುಕೊಳ್ಳುತ್ತಲೇ ಶಾಲೆಗೆ ಹೋದೆ. ಎರಡನೇ ತರಗತಿಯ ಒಬ್ಬ ಹುಡುಗ ಹತ್ತು ಗಂಟೆಗೇ ತಾಟು ತೊಳೆದುಕೊಂಡು ಗೇಟಿನ ನೆರಳಲ್ಲಿ ಕೂತಿರುತ್ತಿದ್ದ. ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿದ್ದರು. ಅವನನ್ನು ನೋಡಿದ ಮೇಲೆ ಬೈಯುವುದು ಬಿಟ್ಟೆ. ಎಲ್ಲ ಡ್ಯೂಟಿಯೂ ಒಂದೇ ಅಲ್ಲ ಅನ್ನುವುದು ನನಗೂ ಗೊತ್ತು.

ಸದ್ಯಕ್ಕೆ ನಮ್ಮ ಶಾಲೆಯಲ್ಲಿ 58 ಮಕ್ಕಳು, ಐದು ತರಗತಿ. ನಾನು, ಒಬ್ಬರು ಸರ್, ಒಬ್ಬರು ಅತಿಥಿ ಶಿಕ್ಷಕಿ. ಮುಖ್ಯ ಶಿಕ್ಷಕರ ಪ್ರಭಾರ ನನ್ನದೇ. ಅಂಕಪಟ್ಟಿ ಬರೆಯಬೇಕು, ಮಕ್ಕಳ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ತುಂಬಬೇಕು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಬರೆದಿಡಬೇಕು. ಮೊಟ್ಟೆಗೆ ಬರುವುದು 6 ರೂಪಾಯಿ. ಅದರಲ್ಲೇ ತರಬೇಕು, ಬೇಯಿಸಬೇಕು, ಸುಲಿಸಬೇಕು. ಚಳಿಗಾಲದಲ್ಲಿ ನಮ್ಮ ಅಂಗಡಿಯಲ್ಲಿ 7 ದಾಟಿತ್ತು. ಮೇಲಿನದು ನನ್ನ ಪರ್ಸಿನಿಂದ. ಇಷ್ಟರ ನಡುವೆ ಪಾಠವನ್ನೂ ಮಾಡುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಆಗ ಟಿವಿಯಲ್ಲಿ ಕೇಳುತ್ತಾರೆ, ಶಿಕ್ಷಕರು ಏನು ಮಾಡುತ್ತಿದ್ದಾರೆ ಅಂತ. ಮೊಟ್ಟೆ ಎಣಿಸುತ್ತಿದ್ದಾರೆ ಸ್ವಾಮಿ.

ರಜೆಗೆ ನನ್ನ ಪ್ಲಾನ್ ಏನೂ ದೊಡ್ಡದಲ್ಲ. ಊಟಿ ಇಲ್ಲ, ಗೋವಾ ಇಲ್ಲ. ಸೇಡಂ ಹತ್ತಿರ ನಮ್ಮ ಅವ್ವನ ಮನೆ. ನಡುಮನೆಯ ಫರಸಿ ಕಲ್ಲಿಗೆ ನೀರು ಚಿಮುಕಿಸಿ, ಒರೆಸಿ, ಮಧ್ಯಾಹ್ನ ಬೆನ್ನು ಹಚ್ಚಿ ಮಲಗಬೇಕು. ಫೋನ್ ಅಟ್ಟದ ಮೇಲೆ. ಎದ್ದಾಗ ಮಜ್ಜಿಗೆ. ಸಂಜೆ ಅವ್ವನ ಜೊತೆ ಶಾವಿಗೆ, ಕುರುಡಿಗೆ. ಅಷ್ಟೇ.

ಅವ್ವ ಮೂರು ವರ್ಷದಿಂದ ಅಕ್ಕಪಕ್ಕದವರನ್ನು ಕರೆದುಕೊಂಡು ಶಾವಿಗೆ ಮಾಡುತ್ತಿದ್ದಾಳೆ. ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಹನ್ನೊಂದಕ್ಕೆ ಬರುತ್ತೇನೆ ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಂಗಾರ ಗೋಧಿ ತೋಯಿಸ್ಲೇನವ್ವ, ಇಲ್ಲ ನಿನ್ನ ಆರ್ಡರ್ ಬರೂತನಕ ತಡೀಲಿ?"